ಹೊಸ ಸ್ಪೋರ್ಟ್ಸ್ ಕಾರಿಗೆ ಡೀಲರ್ ಹಾಕೋ ಮಾರ್ಕಪ್: ಅಮೆರಿಕದಲ್ಲಿರೋ ನಮ್ಮವರು ಪದೇ ಪದೇ ಕೇಳೋ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದು ನಂಗೆ ಹದಿಮೂರು ವರ್ಷ ಆಯ್ತು. ಕನ್ನಡ ಕೂಟದ ಯುಗಾದಿ ಊಟಕ್ಕೆ ಕೂತ್ರೂ ಸರಿ, ಯಾರ್ದೋ ಮಗು ನಾಮಕರಣಕ್ಕೆ ಹೋದ್ರೂ ಸರಿ, ಒಬ್ಬರಾದ್ರೂ ಪಕ್ಕಕ್ಕೆ ಕರ್ಕೊಂಡ್ ಹೋಗಿ "ಗುರು, ಆ ಹೊಸ ಕಾರು ಬಂದಿದ್ಯಲ್ಲ, ಡೀಲರ್ ಹದಿನೈದ್ ಸಾವ್ರ ಮೇಲೆ ಕೇಳ್ತಿದಾನೆ, ಕೊಡ್ಲಾ ಬೇಡ್ವಾ" ಅಂತಾರೆ. ಎಲ್ರಿಗೂ ಅದೇ ಉತ್ತರ ಹೇಳಿ ಹೇಳಿ ಸಾಕಾಗಿದೆ ಅಂತಲ್ಲ, ಆದ್ರೆ ಅವಸರದಲ್ಲಿ ಹೇಳಿದಾಗ ಅರ್ಧ ಮರ್ತೋಗತ್ತೆ, ಅದಕ್ಕೇ ಒಂದೇ ಕಡೆ ಬರ್ದಿಡ್ತಿದೀನಿ. ಕಷ್ಟಪಟ್ಟು ದುಡಿದ ದುಡ್ಡು, ಸುಮ್ನೆ ಹೋಗ್ಬಾರ್ದು ಅನ್ನೋದೇ ನನ್ನ ಕಾಳಜಿ.

ಮಾರ್ಕಪ್ ಅಂದ್ರೆ ಏನು? ಕಿಟಕಿ ಮೇಲೆ ಎರಡು ಸ್ಟಿಕರ್ ಇತ್ತು, ಯಾವುದು ಅಸಲಿ?

ಹೊಸ ಕಾರಿನ ಕಿಟಕಿಗೆ ಕಂಪನಿಯವ್ರು ಅಂಟಿಸಿ ಕಳ್ಸೋ ಸ್ಟಿಕರಿಗೆ ಮನ್ರೋನಿ ಸ್ಟಿಕರ್ ಅಂತಾರೆ. ಒಕ್ಲಹೋಮಾದ ಸೆನೆಟರ್ ಆಗಿದ್ದ ಮೈಕ್ ಮನ್ರೋನಿ ತಂದ ಕಾನೂನು ಅದು, 1958ರದ್ದು. ಅದಕ್ಕೂ ಮುಂಚೆ ಡೀಲರುಗಳು ಬಾಯಿಗೆ ಬಂದ ರೇಟ್ ಹೇಳೋರು, ಕಾರಿನ ನಿಜವಾದ ಬೆಲೆ ಎಷ್ಟು ಅಂತ ಗಿರಾಕಿಗೆ ಗೊತ್ತಾಗೋ ದಾರೀನೇ ಇರ್ಲಿಲ್ಲ. ಈಗ ಅದ್ರಲ್ಲಿ ಎಂಎಸ್ಆರ್‌ಪಿ (ಅಂದ್ರೆ ಇಷ್ಟಕ್ಕೆ ಮಾರಿ ಅಂತ ಕಂಪನಿ ಸೂಚಿಸೋ ಬೆಲೆ), ಆಪ್ಷನ್ ಬೆಲೆ, ಸಾಗಾಣಿಕೆ ಖರ್ಚು ಎಲ್ಲಾ ಇರತ್ತೆ. ಅದರ ಪಕ್ಕದಲ್ಲಿ ಡೀಲರ್ ತಾನೇ ಪ್ರಿಂಟ್ ಹಾಕಿ ಇನ್ನೊಂದು ಚಿಕ್ಕ ಸ್ಟಿಕರ್ ಅಂಟಿಸ್ತಾನೆ, ಅದು ಅಡೆಂಡಮ್. "ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಅಂತಾನೋ "ಎಡಿಎಂ" (ಅಡಿಷನಲ್ ಡೀಲರ್ ಮಾರ್ಕಪ್) ಅಂತಾನೋ ಬರ್ದು ಮುಂದೆ 10,000 ಅಂತ ಹಾಕಿರ್ತಾನೆ. ಆ ಹತ್ತು ಸಾವ್ರಕ್ಕೆ ಕಾರಲ್ಲಿ ಒಂದು ನಟ್ಟೂ ಜಾಸ್ತಿ ಬರಲ್ಲ. ಅದೇ ಮಾರ್ಕಪ್.

ಎಂಎಸ್ಆರ್‌ಪಿಗಿಂತ ಜಾಸ್ತಿ ತಗೊಳ್ಳೋದು ಕಾನೂನು ಪ್ರಕಾರ ತಪ್ಪಲ್ವಾ?

ಊರಲ್ಲಿ ನೀರಿನ ಬಾಟ್ಲಿ ಮೇಲೆ ಎಂಆರ್‌ಪಿಗಿಂತ ಐದ್ ರೂಪಾಯಿ ಜಾಸ್ತಿ ಕೇಳಿದ್ರೆ ಜಗಳ ಆಡೋ ನಮಗೆ ಇದು ವಿಚಿತ್ರ ಅನ್ಸತ್ತೆ. ಆದ್ರೆ ಎಂಎಸ್ಆರ್‌ಪಿ ಅನ್ನೋದು ಗರಿಷ್ಠ ಬೆಲೆ ಅಲ್ಲ, ಕಂಪನಿ ಕೊಡೋ ಸಲಹೆ ಅಷ್ಟೇ. ಮನ್ರೋನಿ ಕಾನೂನು ಬೆಲೆ ತೋರ್ಸಿ ಅಂತ ಹೇಳತ್ತೆ, ಅದೇ ಬೆಲೆಗೆ ಮಾರಿ ಅಂತ ಹೇಳಲ್ಲ. ಸೋ ಮಾರ್ಕಪ್ ಹಾಕೋದು ಕಾನೂನುಬದ್ಧ. ತಪ್ಪಾಗೋದು ಯಾವಾಗ ಅಂದ್ರೆ ಒಂದು ಬೆಲೆ ಜಾಹೀರಾತು ಹಾಕಿ ಇನ್ನೊಂದು ತಗೊಂಡಾಗ, ಅಥವಾ ನಿಮ್ಗೆ ಹೇಳ್ದೆ ಪೇಪರಲ್ಲಿ ಏನಾದ್ರೂ ತೂರ್ಸಿದಾಗ. ಅಂಥದಕ್ಕೆ ಸ್ಟೇಟ್ ಅಟಾರ್ನಿ ಜನರಲ್ ಆಫೀಸಿಗೆ ದೂರು ಕೊಡಬಹುದು.

ಕಂಪನಿಯವ್ರೇ ಯಾಕೆ ತಡೆಯಲ್ಲ? ಅವರ ಕಾರು ತಾನೇ?

ಇದೇ ಎಲ್ರಿಗೂ ಅರ್ಥ ಆಗ್ದಿರೋ ವಿಷ್ಯ, ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಇಲ್ಲಿ ಡೀಲರ್ ಅಂದ್ರೆ ಕಂಪನಿ ಬ್ರಾಂಚ್ ಅಲ್ಲ, ಅದು ಬೇರೆಯವರ ಸ್ವಂತ ವ್ಯಾಪಾರ. ಕಾರನ್ನ ಕಂಪನಿಯಿಂದ ಕೊಂಡ್ಕೊಂಡು ನಮಗೆ ಮಾರ್ತಾರೆ. ಸುಮಾರು ಎಲ್ಲಾ ಸ್ಟೇಟಲ್ಲೂ ಫ್ರಾಂಚೈಸ್ ಕಾನೂನು ಅಂತ ಇದೆ, ಡೀಲರ್ ಇಟ್ಕೊಂಡಿರೋ ಕಂಪನಿ ಆ ಡೀಲರನ್ನ ಬಿಟ್ಟು ನೇರವಾಗಿ ಗಿರಾಕಿಗೆ ಮಾರೋ ಹಾಗಿಲ್ಲ, ಮನಸ್ಸಿಗೆ ಬಂದ ಹಾಗೆ ಡೀಲರ್‌ಶಿಪ್ ಕಿತ್ಕೊಳ್ಳೋ ಹಾಗೂ ಇಲ್ಲ. ಟೆಸ್ಲಾದಲ್ಲಿ ಮಾರ್ಕಪ್ ಅನ್ನೋ ಮಾತೇ ಬರಲ್ಲ ಯಾಕಂದ್ರೆ ಅಲ್ಲಿ ಮಧ್ಯೆ ಡೀಲರೇ ಇಲ್ಲ.

ಹಾಗಾಗಿ ಕಂಪನಿ ಕೈಲಿರೋ ಒಂದೇ ಚಾಟಿ ಅಂದ್ರೆ ಅಲೊಕೇಷನ್. ಯಾವ ಡೀಲರಿಗೆ ಎಷ್ಟು ಕಾರು ಕಳಿಸ್ಬೇಕು ಅನ್ನೋದು. ಇದನ್ನ ಚೆನ್ನಾಗಿ ಬಳಸಿದ್ದು ಡಾಡ್ಜ್. 2018ರ ಚಾಲೆಂಜರ್ ಡೀಮನ್ ಬಂದಾಗ ಬರೀ 3,300 ಕಾರು, ಅದ್ರಲ್ಲಿ 3,000 ಅಮೆರಿಕಕ್ಕೆ 300 ಕೆನಡಾಗೆ, ಬೆಲೆ 84,995 ಡಾಲರ್. ಎಂಎಸ್ಆರ್‌ಪಿಗೆ ಅಥವಾ ಅದಕ್ಕಿಂತ ಕಮ್ಮಿಗೆ ಮಾರಿದ ಡೀಲರುಗಳ ಆರ್ಡರ್ ಮೊದ್ಲು ತಯಾರ್ ಮಾಡ್ತೀವಿ, ಮಾರ್ಕಪ್ ಹಾಕಿದವ್ರದ್ದು ಕೊನೇಲಿ ಅಂತ ಹೇಳ್ಬಿಟ್ರು. 2023ರ ಡೀಮನ್ 170ಗೂ ಇಂಥದ್ದೇ ನಿಯಮ ತಂದ್ರು. ಪೂರ್ತಿ ನಿಲ್ಲಿಸಕ್ಕಾಗ್ಲಿಲ್ಲ, ಆದ್ರೆ ಗಿರಾಕಿ ಪರ ನಿಂತ ಕಂಪನಿ ಅಂತ ನಂಗೆ ಅವರ ಮೇಲೆ ಗೌರವ ಇದೆ.

ಜನರಲ್ ಮೋಟರ್ಸ್ ಬೇರೆ ದಾರಿ ಹಿಡೀತು. ಕಾರ್ವೆಟ್ ಝಡ್06 ಬಂದಾಗ ಕಾರು ತಗೊಂಡ ತಕ್ಷಣ ಲಾಭಕ್ಕೆ ಮಾರೋ ಫ್ಲಿಪ್ಪರ್‌ಗಳ ಕಾಟ ಶುರುವಾಯ್ತು. ಅದಕ್ಕೆ 2022ರಲ್ಲಿ ಏನ್ ಹೇಳಿದ್ರು ಅಂದ್ರೆ, ಹನ್ನೆರಡು ತಿಂಗಳು ಇಟ್ಕೊಂಡ್ರೆ 5,00,000 ರಿವಾರ್ಡ್ ಪಾಯಿಂಟ್ಸ್, ಅಂದ್ರೆ 5,000 ಡಾಲರ್ ಬೆಲೆಯದ್ದು, ಅದರೊಳಗೆ ಮಾರಿದ್ರೆ ಹೊಸ ಓನರಿಗೆ ವಾರಂಟಿ ವರ್ಗ ಆಗಲ್ಲ. ಫೋರ್ಡ್ ಮುಖ್ಯಸ್ಥ ಜಿಮ್ ಫಾರ್ಲಿ ಅದೇ ವರ್ಷ ಫೆಬ್ರವರಿಯಲ್ಲಿ ತಮ್ಮ ಡೀಲರುಗಳಲ್ಲಿ ಸುಮಾರು 10 ಪರ್ಸೆಂಟ್ ಜನ ಎಂಎಸ್ಆರ್‌ಪಿ ಮೇಲೆ ಮಾರ್ತಿದಾರೆ, ಅಂಥವ್ರಿಗೆ ಮುಂದೆ ಕಾರು ಕಮ್ಮಿ ಬರತ್ತೆ ಅಂತ ಬಹಿರಂಗವಾಗಿ ಎಚ್ಚರಿಕೆ ಕೊಟ್ರು.

ಪೋರ್ಷೆ 911 ಎಸ್/ಟಿ, 2023ರಲ್ಲಿ ಬಂದಿದ್ದು, ಪ್ರಪಂಚಕ್ಕೆಲ್ಲಾ ಸೇರಿ 1,963 ಕಾರು. ಅದನ್ನ ಅಮೆರಿಕದಲ್ಲಿ ಮೊದಲ ವರ್ಷ ಲೀಸ್ ಮೇಲೆ ಮಾತ್ರ ಕೊಟ್ರು, ನಿಮ್ಮ ಹೆಸ್ರಲ್ಲೇ ಇಲ್ದೇ ಇರೋ ಕಾರನ್ನ ನೀವ್ ಮಾರೋದಾದ್ರೂ ಹೇಗೆ? ಫೋರ್ಡ್ ಜಿಟಿಗೆ ಅರ್ಜಿ ಹಾಕ್ಬೇಕಿತ್ತು, ಎರಡು ವರ್ಷ ಮಾರಲ್ಲ ಅಂತ ಸಹಿ ಹಾಕ್ಬೇಕಿತ್ತು. ಕುಸ್ತಿಪಟು ಜಾನ್ ಸೀನಾ ಬೇಗ ಮಾರಿದ್ದಕ್ಕೆ 2017ರಲ್ಲಿ ಫೋರ್ಡ್ ಅವ್ರ ಮೇಲೆ ಕೇಸ್ ಹಾಕ್ತು, ಮುಂದಿನ ವರ್ಷ ರಾಜಿ ಆಯ್ತು. ಆದ್ರೆ ಗಮನಿಸಿ, ಇವೆಲ್ಲಾ ಹೆಚ್ಚಾಗಿ ಗಿರಾಕಿಗೆ ಹಾಕಿರೋ ಕಡಿವಾಣ. ಡೀಲರಿಗೆ ನೇರವಾಗಿ ಹಾಕಿರೋದು ತುಂಬಾ ಕಮ್ಮಿ.

ಸ್ಪೋರ್ಟ್ಸ್ ಕಾರಿಗೇ ಯಾಕೆ ಇಷ್ಟು? ಕ್ಯಾಮ್ರಿಗೆ ಯಾರೂ ಕೇಳಲ್ವಲ್ಲ?

2022ರಲ್ಲಿ ಚಿಪ್ ಅಭಾವ ಆದಾಗ ಎಲ್ಲದಕ್ಕೂ ಕೇಳಿದ್ರು. ಕಾರು ಬೆಲೆಗಳ ಮಾಹಿತಿ ಕೊಡೋ ಎಡ್ಮಂಡ್ಸ್ ಅನ್ನೋ ಸಂಸ್ಥೆ ಲೆಕ್ಕದ ಪ್ರಕಾರ ಆ ವರ್ಷ ಜನವರಿಯಲ್ಲಿ ಹೊಸ ಕಾರು ತಗೊಂಡವ್ರಲ್ಲಿ 82 ಪರ್ಸೆಂಟ್ ಜನ ಎಂಎಸ್ಆರ್‌ಪಿಗಿಂತ ಮೇಲೆ ಕೊಟ್ಟಿದ್ರು, ಒಂದು ವರ್ಷ ಹಿಂದೆ ಅದು 3 ಪರ್ಸೆಂಟೂ ಇರ್ಲಿಲ್ಲ. ಆಮೇಲೆ ಫ್ಯಾಮಿಲಿ ಕಾರುಗಳದ್ದು ಇಳೀತು, ಸ್ಪೋರ್ಟ್ಸ್ ಕಾರಿನದ್ದು ಉಳ್ಕೊಂಡಿತು.

ಕಾರಣ ಇಷ್ಟೇ, ಇವನ್ನ ಬೇಕಂದ್ರೂ ಜಾಸ್ತಿ ಮಾಡಕ್ಕಾಗಲ್ಲ. ಜಿಆರ್ ಕೊರೊಲ್ಲಾ ಜಪಾನಿನ ಮೊಟೊಮಾಚಿ ಪ್ಲಾಂಟಲ್ಲಿ ಜಿಆರ್ ಫ್ಯಾಕ್ಟರಿ ಅಂತ ಇರೋ ಬೇರೆ ಭಾಗದಲ್ಲಿ ಆಗತ್ತೆ, ಉದ್ದದ ಕನ್ವೇಯರ್ ಮೇಲೆ ಓಡೋ ಮಾಮೂಲಿ ಲೈನ್ ಅಲ್ಲ, ಸೆಲ್ ಸೆಲ್ ಆಗಿ ನಿಂತು ಕೆಲ್ಸ ಮಾಡ್ತಾರೆ. ಝಡ್06ನ 5.5 ಲೀಟರ್ ಎಂಜಿನ್ ಒಂದೊಂದನ್ನೂ ಕೆಂಟಕಿಯ ಬೌಲಿಂಗ್ ಗ್ರೀನಲ್ಲಿ ಒಬ್ಬ ಕೆಲ್ಸಗಾರ ಕೈಯಾರೆ ಜೋಡಿಸ್ತಾನೆ. ಅಷ್ಟರಲ್ಲಿ ಇಡೀ ದೇಶದಲ್ಲಿ ಚಿಕ್ಕಂದಿನಿಂದ ಕನಸು ಕಂಡ ಸಾವಿರಾರು ಜನ ಒಂದೇ ತಿಂಗಳಲ್ಲಿ ಡೀಲರ್ ಬಾಗ್ಲು ತಟ್ತಾರೆ. ಒಂದು ಸಣ್ಣ ಊರಿನ ಡೀಲರಿಗೆ ವರ್ಷಕ್ಕೆ ಇಂಥ ಕಾರು ಬರೋದೇ ಒಂದೋ ಎರಡೋ. ಮೆಜೆಸ್ಟಿಕ್ಕಲ್ಲಿ ಮೊದಲ ದಿನದ ಮೊದಲ ಶೋಗೆ ಬ್ಲಾಕ್ ಟಿಕೆಟ್ ಎಷ್ಟಕ್ಕೆ ಹೋಗ್ತಿತ್ತು ಅಂತ ನೆನಪಿರೋವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಅದೇ ಸಿನಿಮಾಗೆ ಮೂರನೇ ವಾರದಲ್ಲಿ ಕೌಂಟರಲ್ಲೇ ಟಿಕೆಟ್ ಸಿಗ್ತಿತ್ತು ಅನ್ನೋದೂ ನೆನಪಿಟ್ಕೊಳ್ಳಿ.

ಇದು ಹೊಸ ರೋಗನೂ ಅಲ್ಲ. 1989ರಲ್ಲಿ ಮಾಝ್ಡಾ ಮಿಯಾಟಾ 13,800 ಡಾಲರಿಗೆ ಬಂದಾಗ್ಲೂ ಡೀಲರುಗಳು ಸಾವಿರಾರು ಡಾಲರ್ ಮೇಲೆ ತಗೊಂಡಿದ್ರು. ಬಡವ್ರೂ ಓಡಿಸ್ಬಹುದಾದ ಸ್ಪೋರ್ಟ್ಸ್ ಕಾರು ಅಂತ ಮಾಡಿದ್ದು ಅದು.

ಸಾಮಾನ್ಯವಾಗಿ ಎಷ್ಟು ಹಾಕ್ತಾರೆ?

ಕಾರಿನ ಮೇಲೆ, ಊರಿನ ಮೇಲೆ, ತಿಂಗಳಿನ ಮೇಲೆ ಹೋಗತ್ತೆ. 2023ರ ಸಿವಿಕ್ ಟೈಪ್ ಆರ್ ಬೆಲೆ ಸಾಗಾಣಿಕೆ ಸೇರಿ 43,990 ಡಾಲರ್ ಇತ್ತು, ಶುರುವಲ್ಲಿ ಅದಕ್ಕೆ ಐದು ಸಾವಿರದಿಂದ ಇಪ್ಪತ್ತು ಸಾವಿರದವರೆಗೂ ಮೇಲೆ ಕೇಳೋರು. ಜಿಆರ್ ಕೊರೊಲ್ಲಾ 2023ರಲ್ಲಿ 36 ಸಾವಿರದ ಹತ್ರ ಶುರುವಾಗ್ತಿದ್ದ ಕಾರು, ಅದಕ್ಕೂ ಹಾಗೇ. ಅದರ ಮೊರಿಝೋ ಎಡಿಷನ್ ಅಮೆರಿಕಕ್ಕೆ ಬಂದಿದ್ದೇ 200, ಅದರ ಹತ್ರ ಹೋಗೋದೇ ಕಷ್ಟ ಆಗಿತ್ತು. ಝಡ್06ಗೆ ಒಂದು ಲಕ್ಷದ ಕಾರಿಗೆ ಐವತ್ತು ಸಾವಿರ, ಕೆಲವು ಕಡೆ ಲಕ್ಷದವರೆಗೂ ಕೇಳಿದಾರೆ.

ಇಪ್ಪತ್ತು ಸಾವಿರ ಮೇಲೆ ಕೊಟ್ರೆ ನಿಜವಾಗಿ ಎಷ್ಟು ಖರ್ಚಾಗತ್ತೆ?

ಈ ಲೆಕ್ಕ ಯಾರೂ ಹಾಕಲ್ಲ, ದಯವಿಟ್ಟು ಹಾಕಿ. ಸೇಲ್ಸ್ ಟ್ಯಾಕ್ಸ್ ಮಾರ್ಕಪ್ ಮೇಲೂ ಬೀಳತ್ತೆ. ನಮ್ಮ ಕಡೆ ಒಂಬತ್ತು ಪರ್ಸೆಂಟ್ ಅಂತ ಹಿಡೀರಿ, 1,800 ಡಾಲರ್. ಈಗ 21,800 ಆಯ್ತು. ಇದನ್ನ ಲೋನಲ್ಲಿ ಸೇರ್ಸಿದ್ರೆ, 7 ಪರ್ಸೆಂಟ್ ಬಡ್ಡಿ ಐದು ವರ್ಷ, ತಿಂಗಳಿಗೆ 432 ಡಾಲರ್ ಬರೀ ಆ ಮಾರ್ಕಪ್ಪಿಗೆ, ಕೊನೆಗೆ ಕಟ್ಟಿರೋದು 25,900 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ವರ್ಷ ವರ್ಷ ಕಟ್ಟೋ ರಿಜಿಸ್ಟ್ರೇಷನ್ನಲ್ಲಿ ಒಂದು ಪಾಲು ನೀವು ಕೊಂಡ ಬೆಲೆಯ 0.65 ಪರ್ಸೆಂಟ್ ಲೆಕ್ಕದಲ್ಲಿ ಬರತ್ತೆ, ಅದೂ ಸ್ವಲ್ಪ ಏರತ್ತೆ. ಡೀಲರ್ ಬಾಯಲ್ಲಿ ಬರೋ "ತಿಂಗಳಿಗೆ ಇಷ್ಟೇ ಸರ್" ಅನ್ನೋ ಮಾತಿಗೆ ಮರುಳಾಗ್ಬೇಡಿ, ಒಟ್ಟು ಎಷ್ಟು ಅಂತ ಕೇಳಿ.

ಆಕ್ಸಿಡೆಂಟ್ ಆಗಿ ಕಾರು ಟೋಟಲ್ ಆದ್ರೆ, ಅಂದ್ರೆ ರಿಪೇರಿ ಮಾಡ್ಸಕ್ಕೆ ಆಗ್ದಷ್ಟು ಹಾಳಾದ್ರೆ, ಇನ್ಶೂರೆನ್ಸಲ್ಲಿ ಮಾರ್ಕಪ್ ವಾಪಸ್ ಬರತ್ತಾ?

ಬರತ್ತೆ ಅಂತ ನೆಚ್ಕೊಂಡು ಕೂರ್ಬೇಡಿ. ಇನ್ಶೂರೆನ್ಸ್‌ನೋರು ಆ ದಿನ ಮಾರ್ಕೆಟಲ್ಲಿ ಅಂಥ ಕಾರಿಗೆ ಎಷ್ಟಿದೆ ಅಂತ ನೋಡ್ತಾರೆ, ನೀವ್ ಎಷ್ಟು ಕೊಟ್ರಿ ಅಂತ ಅಲ್ಲ. ಲೋನ್ ಬಾಕಿ ಅದಕ್ಕಿಂತ ಜಾಸ್ತಿ ಇದ್ರೆ ಮಿಕ್ಕಿದ್ದು ನಿಮ್ಮ ಜೇಬಿಂದ. ಆ ವ್ಯತ್ಯಾಸ ತುಂಬ್ಕೊಡೋ ಗ್ಯಾಪ್ ಇನ್ಶೂರೆನ್ಸ್ ತಗೊಂಡ್ರೂ ಅದಕ್ಕೊಂದು ಮಿತಿ ಇರತ್ತೆ, ಸಹಿ ಹಾಕೋ ಮುಂಚೆ ಓದಿ.

ಲಿಮಿಟೆಡ್ ಕಾರು ಅಲ್ವಾ, ಮುಂದೆ ರೇಟ್ ಏರತ್ತೆ, ಒಂಥರಾ ಸೈಟ್ ತಗೊಂಡ ಹಾಗೇ ಅಂತಾರಲ್ಲ?

ಈ ಮಾತು ಕೇಳಿದ್ರೆ ನಂಗೆ ನಿಜವಾಗ್ಲೂ ಭಯ ಆಗತ್ತೆ. ಸೈಟು ಅಲ್ಲೇ ಇರತ್ತೆ, ಕಾರು ಓಡತ್ತೆ, ಸವೆಯತ್ತೆ, ಮತ್ತೆ ಕಂಪನಿ ನಾಳೆ ಇನ್ನಷ್ಟು ಮಾಡತ್ತೆ.

ನಿಸ್ಸಾನ್ ಝಡ್ ಕತೆ ನೋಡಿ. 2022ರ ಬೇಸಿಗೇಲಿ ಬಂತು, 39,990ರಿಂದ ಶುರು, 400 ಹಾರ್ಸ್‌ಪವರ್, ಎಲ್ಲಾ ಕಡೆ ಹೊಗಳಿಕೆ. ಕಾರು ಬರೋದು ನಿಧಾನ ಆಯ್ತು, ಡೀಲರುಗಳು ಹತ್ತು, ಇಪ್ಪತ್ತು, ಅದಕ್ಕೂ ಮೇಲೆ ಹಾಕಿದ್ರು. ಎರಡು ವರ್ಷ ಆಗೋದ್ರೊಳಗೆ ಅದೇ ಕಾರು ಡೀಲರ್ ಲಾಟಲ್ಲಿ, ಅಂದ್ರೆ ಕಾರು ನಿಲ್ಲಿಸೋ ಬಯಲಲ್ಲಿ, ಬಿಸಿಲಿಗೆ ನಿಂತಿತ್ತು, ಡಿಸ್ಕೌಂಟ್ ಕೊಟ್ಟು ಮಾರೋ ಪರಿಸ್ಥಿತಿ. ಮೊದಲ ತಿಂಗಳು ಮಾರ್ಕಪ್ ಕೊಟ್ಟವ್ರು ಲೋನ್ ಇನ್ನೂ ಕಟ್ತಿದಾರೆ. ಝಡ್06ನಲ್ಲೂ ಮೊದಲ ಅಲೆ ಇಳಿದ ಮೇಲೆ ಸೆಕೆಂಡ್ ಹ್ಯಾಂಡ್ ರೇಟ್ ಕೆಳಗೆ ಬಂತು, ಲಾಭಕ್ಕೆ ಅಂತ ತಗೊಂಡವ್ರೇ ಕೈ ಸುಟ್ಕೊಂಡ್ರು.

ಏರಿದ ಕಾರುಗಳು ಇಲ್ವಾ ಅಂದ್ರೆ ಇದೆ. ಪೋರ್ಷೆ 911 ಆರ್, 2016ರಲ್ಲಿ 991 ಕಾರು ಮಾತ್ರ, 1,84,900 ಡಾಲರ್, ತಗೊಂಡ ಕೂಡ್ಲೇ ಅದರ ಹಲವು ಪಟ್ಟಿಗೆ ಮಾರಾಟ ಆಯ್ತು. ಆದ್ರೆ 2017ರಲ್ಲಿ ಪೋರ್ಷೆಯವ್ರು ಹೆಚ್ಚುಕಮ್ಮಿ ಅದೇ ಗುಣದ ಜಿಟಿ3 ಟೂರಿಂಗ್ ತಂದ್ರು, ಮ್ಯಾನ್ಯುಯಲ್ ಗೇರ್, ದೊಡ್ಡ ರೆಕ್ಕೆ ಇಲ್ಲ, ಸಂಖ್ಯೆಗೆ ಮಿತಿನೂ ಇಲ್ಲ, ಆಗ 911 ಆರ್ ರೇಟು ಧಪ್ ಅಂತ ಕುಸೀತು. ಅಂಥ ಅಪರೂಪದ ಕಾರಿಗೇ ಹಾಗಾದ್ರೆ ಸಂಖ್ಯೆ ಮಿತಿ ಇಲ್ದೇ ವರ್ಷ ವರ್ಷ ಬರೋ ಹಾಟ್ ಹ್ಯಾಚ್ (ಜೋರಾಗಿ ಓಡೋ ಚಿಕ್ಕ ಹ್ಯಾಚ್‌ಬ್ಯಾಕ್) ಗತಿ ಏನು ಯೋಚ್ನೆ ಮಾಡಿ. "ಸದ್ಯಕ್ಕೆ ಸಿಗ್ತಿಲ್ಲ" ಅನ್ನೋದು ಬೇರೆ, "ಇನ್ನು ಮುಂದೆ ಮಾಡಲ್ಲ" ಅನ್ನೋದು ಬೇರೆ. ಮಾರ್ಕಪ್ ಕೊಡೋವ್ರಲ್ಲಿ ಹೆಚ್ಚಿನವ್ರು ಮೊದಲನೇದಕ್ಕೆ ಎರಡನೇದರ ಬೆಲೆ ಕೊಡ್ತಿರ್ತಾರೆ.

ಹಾಗಾದ್ರೆ ಎಷ್ಟು ದಿನ ಕಾಯ್ಬೇಕು?

ನಾನು ನೋಡಿದ ಹಾಗೆ ಸಂಖ್ಯೆಗೆ ಮಿತಿ ಇಲ್ಲದ ಮಾಡೆಲ್ ಆದ್ರೆ ಒಂದರಿಂದ ಎರಡು ವರ್ಷ. ಎರಡನೇ ಮಾಡೆಲ್ ವರ್ಷದ ಕಾರು ಬರಕ್ಕೆ ಶುರುವಾದಾಗ, ಚಳಿಗಾಲದಲ್ಲಿ, ತಿಂಗಳ ಕೊನೇಲಿ ಕೇಳಿ. ಮೊದಲ ವರ್ಷದ ಕಾರಿನ ಸಣ್ಣ ಪುಟ್ಟ ತೊಂದ್ರೆಗಳೂ ಅಷ್ಟೊತ್ತಿಗೆ ಸರಿ ಹೋಗಿರತ್ತೆ. ಕಾಯೋದು ಸುಲಭ ಅಂತ ಹೇಳ್ತಿಲ್ಲ, ನಂಗೂ ರಾತ್ರಿ ಕೂತು ಅದೇ ಕಾರಿನ ವಿಡಿಯೋ ನೋಡೋ ಹುಚ್ಚಿದೆ.

ಡೀಲರ್ ಫೋನಲ್ಲಿ ಎಂಎಸ್ಆರ್‌ಪಿಗೇ ಕೊಡ್ತೀನಿ ಅಂದ, ಅಡ್ವಾನ್ಸ್ ಕೊಟ್ಟಿದೀನಿ. ನಂಬಬಹುದಾ?

ಬರಹದಲ್ಲಿ ಇಲ್ಲ ಅಂದ್ರೆ ನಂಬ್ಬೇಡಿ. ನನ್ನದೇ ಕತೆ ಹೇಳ್ತೀನಿ.

2023ರಲ್ಲಿ ಒಂದು ಜಪಾನಿ ಹಾಟ್ ಹ್ಯಾಚಿಗೆ ಮನೆಯಿಂದ ನಲವತ್ತು ಮೈಲಿ ದೂರದ ಒಬ್ಬ ಡೀಲರ್ ಹತ್ರ ಸಾವಿರ ಡಾಲರ್ ಅಡ್ವಾನ್ಸ್ ಕೊಟ್ಟೆ. ಸೇಲ್ಸ್‌ಮನ್ ತುಂಬಾ ಒಳ್ಳೇ ಮಾತಾಡ್ದ, "ಎಂಎಸ್ಆರ್‌ಪಿ, ಬೇರೆ ಏನೂ ಇಲ್ಲ" ಅಂತ ಎರಡು ಸಲ ಹೇಳ್ದ. ಐದು ತಿಂಗಳು ಕಾದೆ. ಕಾರು ಬಂದಾಗ ನಮ್ಮಮ್ಮ ಶಿವಮೊಗ್ಗದಿಂದ ಬಂದು ನಮ್ಜೊತೇಲೇ ಇದ್ರು, ಮಗ ಹೊಸ ಕಾರು ತಗೋತಾನೆ ಅಂತ ಅವ್ರೇ ಬ್ಯಾಗಲ್ಲಿ ಕುಂಕುಮ, ಟೈರ್ ಕೆಳಗೆ ಇಡಕ್ಕೆ ನಾಲ್ಕು ನಿಂಬೆಹಣ್ಣು ಎಲ್ಲಾ ಇಟ್ಕೊಂಡು ಹೊರಟ್ರು. ಹೋಗಿ ಕೂತ್ರೆ ಮೇಜಿನ ಮೇಲೆ ಪೇಪರಲ್ಲಿ 12,000 ಡಾಲರ್ ಮಾರ್ಕೆಟ್ ಅಡ್ಜಸ್ಟ್‌ಮೆಂಟ್. ಸೇಲ್ಸ್‌ಮನ್ ಆ ದಿನ ರಜಾ ಅಂದ್ರು. ಮ್ಯಾನೇಜರ್ ಬಂದು ನಾವ್ ಹಾಗೆ ಬರ್ದು ಕೊಟ್ಟಿಲ್ವಲ್ಲ, ನೀವ್ ಬೇಡ ಅಂದ್ರೆ ಹೊರಗಡೆ ಇನ್ನೊಬ್ರು ಕಾಯ್ತಿದಾರೆ ಅಂದ್ರು. ನನ್ನ ಹತ್ರ ಇದ್ದಿದ್ದು ಅಡ್ವಾನ್ಸ್ ರಸೀದಿ ಮಾತ್ರ, ಅದ್ರಲ್ಲಿ ಬೆಲೆ ಅನ್ನೋ ಜಾಗ ಖಾಲಿ. ಅಮ್ಮಂಗೆ ಇಂಗ್ಲಿಷ್ ಅಷ್ಟು ಬರಲ್ಲ, ಆದ್ರೆ ನನ್ನ ಮುಖ ನೋಡಿ ಅರ್ಥ ಮಾಡ್ಕೊಂಡ್ರು, "ಏಳಪ್ಪ, ಹೋಗೋಣ" ಅಂತ ಅವ್ರೇ ಮೊದ್ಲು ಎದ್ರು. ನಿಂಬೆಹಣ್ಣು ಹಾಗೇ ಬ್ಯಾಗಲ್ಲಿ ವಾಪಸ್ ಬಂತು. ಅಡ್ವಾನ್ಸ್ ವಾಪಸ್ ಬರಕ್ಕೆ ಮೂರು ವಾರ ಆಯ್ತು.

ಎಂಟು ತಿಂಗಳಾದ ಮೇಲೆ ಸೆಂಟ್ರಲ್ ವ್ಯಾಲಿ ಕಡೆ ಒಬ್ಬ ಡೀಲರ್ ಹತ್ರ ಅದೇ ಕಾರು ಎಂಎಸ್ಆರ್‌ಪಿಗೇ ಸಿಕ್ತು, ನಾನು ಕೇಳೋ ಮುಂಚೇನೇ ಅವ್ರು ಪೂರ್ತಿ ಲೆಕ್ಕ ಇಮೇಲ್ ಮಾಡಿದ್ರು. ಅಮ್ಮ ಅಷ್ಟೊತ್ತಿಗೆ ಊರಿಗೆ ಹೋಗಿದ್ರು, ವಿಡಿಯೋ ಕಾಲಲ್ಲೇ ಪೂಜೆ ಮಾಡಿಸಿದ್ರು.

ಸೋ ಅಡ್ವಾನ್ಸ್ ಕೊಡೋ ಮುಂಚೆ ಕೇಳಬೇಕಾದ್ದು: ಔಟ್ ದ ಡೋರ್ ಬೆಲೆ ಎಷ್ಟು, ಅಂದ್ರೆ ಟ್ಯಾಕ್ಸ್, ಟೈಟಲ್ (ಮಾಲೀಕತ್ವದ ಪತ್ರ), ಡಾಕ್ ಫೀ (ಡೀಲರ್ ಪೇಪರ್ ಕೆಲ್ಸಕ್ಕೆ ತಗೊಳ್ಳೋದು) ಎಲ್ಲಾ ಸೇರಿ ಬಾಗಿಲಿಂದ ಕಾರು ಆಚೆ ಬರೋ ಬೆಲೆ. ಅದು ಬೈಯರ್ಸ್ ಆರ್ಡರ್ ಅನ್ನೋ ಪೇಪರಲ್ಲಿ ಮ್ಯಾನೇಜರ್ ಸಹಿ ಜೊತೆ ಇರ್ಬೇಕು, ಸೇಲ್ಸ್‌ಮನ್ ಸಹಿ ಸಾಲ್ದು. ಕಾರಿನ ವಿನ್ ನಂಬರ್ (ಒಂದೊಂದು ಕಾರಿಗೂ ಬೇರೆ ಬೇರೆ ಇರೋ ಗುರುತಿನ ಸಂಖ್ಯೆ) ಬಂದಿದ್ರೆ ಅದೂ ಇರ್ಲಿ. ಅಡ್ವಾನ್ಸ್ ಪೂರ್ತಿ ವಾಪಸ್ ಕೊಡ್ತೀವಿ ಅಂತ ಬರ್ಸ್ಕೊಳ್ಳಿ, ಕ್ರೆಡಿಟ್ ಕಾರ್ಡಲ್ಲೇ ಕೊಡಿ, ಚೆಕ್ ಬೇಡ.

ಮಾರ್ಕಪ್ ಇಲ್ಲ, ಆದ್ರೆ "ಪ್ರೊಟೆಕ್ಷನ್ ಪ್ಯಾಕೇಜ್" ಕಡ್ಡಾಯ ಅಂತಿದಾರೆ. ಇದು ಪರ್ವಾಗಿಲ್ವಾ?

ಅದೂ ಮಾರ್ಕಪ್ಪೇ, ಬೇರೆ ಅಂಗಿ ಹಾಕಿದೆ. ಟೈರಿಗೆ ನೈಟ್ರೋಜನ್, ಗಾಜಿನ ಮೇಲೆ ವಿನ್ ನಂಬರ್ ಕೊರೆಯೋದು, ಸೆರಾಮಿಕ್ ಕೋಟಿಂಗ್, ಕಳ್ಳತನ ಆದ್ರೆ ಹುಡುಕೋ ಡಬ್ಬಿ, ಎಲ್ಲಾ ಸೇರ್ಸಿ ನಾಲ್ಕೈದು ಸಾವ್ರ. ನಾವು ಉಸಿರಾಡೋ ಗಾಳಿಯಲ್ಲೇ ಮುಕ್ಕಾಲು ಪಾಲು ನೈಟ್ರೋಜನ್ ಇದೆ. ಇನ್ನೂ ಎರಡು ಕಡೆ ಒಳಗಿಂದ ತಗೋತಾರೆ. ನಿಮ್ಮ ಹಳೇ ಕಾರಿಗೆ ಕಮ್ಮಿ ಬೆಲೆ ಕಟ್ಟೋದು ಒಂದು. ಲೋನ್ ಬಡ್ಡಿ ಇನ್ನೊಂದು, ಬ್ಯಾಂಕ್ ಕೊಟ್ಟ ದರದ ಮೇಲೆ ಡೀಲರ್ ತನ್ನದೊಂದಿಷ್ಟು ಸೇರ್ಸಬಹುದು, ಅದು ನಿಮ್ಗೆ ಕಾಣಲ್ಲ. ಮೊದ್ಲೇ ಕ್ರೆಡಿಟ್ ಯೂನಿಯನ್ನಲ್ಲಿ (ನಮ್ಮೂರ ಸಹಕಾರಿ ಬ್ಯಾಂಕ್ ಥರದ್ದು) ಲೋನ್ ಅಪ್ರೂವ್ ಮಾಡಿಸ್ಕೊಂಡು ಹೋಗಿ, ಅದಕ್ಕಿಂತ ಕಮ್ಮಿ ಕೊಟ್ರೆ ಮಾತ್ರ ಅವರದ್ದು ತಗೊಳ್ಳಿ.

ಚೌಕಾಸಿ ಮಾಡಿದ್ರೆ ಇಳಿಸ್ತಾರಾ?

ಎದುರಿಗೆ ಕೂತು ಚೌಕಾಸಿ ಮಾಡೋದಕ್ಕಿಂತ ದೂರ ದೂರದ ಇಪ್ಪತ್ತು ಮೂವತ್ತು ಡೀಲರಿಗೆ ಒಂದೇ ಇಮೇಲ್ ಹಾಕೋದು ಕೆಲ್ಸ ಮಾಡತ್ತೆ. "ಎಂಎಸ್ಆರ್‌ಪಿ, ಬೇರೆ ಆಡ್-ಆನ್ ಇಲ್ಲ, ಯಾವ ಬಣ್ಣ ಆದ್ರೂ ಸರಿ, ಬಂದ ದಿನವೇ ಬಂದು ತಗೋತೀನಿ" ಅಂತ ನೇರವಾಗಿ ಬರೀರಿ. ಇಪ್ಪತ್ತರಲ್ಲಿ ಹದಿನೈದು ಜನ ಉತ್ತರ ಕೊಡಲ್ಲ, ಮೂವರು ಫೋನ್ ಮಾಡಿ ಅಂತಾರೆ, ಇಬ್ಬರು ಸರಿ ಅಂತಾರೆ. ನಮ್ಗೆ ಬೇಕಿರೋದು ಒಬ್ರೇ. ಬಣ್ಣದ ಹಟ ಬಿಟ್ರೆ ಸರದಿ ಬೇಗ ಬರತ್ತೆ, ಒಬ್ರು ಬೇಡ ಅಂತ ಬಿಟ್ಟ ಕಾರು ಹೀಗೇ ಸಿಗೋದು. ಕಾರ್ವೆಟ್ ಜಾಸ್ತಿ ಮಾರೋ ದೊಡ್ಡ ಡೀಲರುಗಳಲ್ಲಿ ಎಂಎಸ್ಆರ್‌ಪಿಗೇ ಕೊಡೋರು ಇದಾರೆ, ಲಿಸ್ಟ್ ಉದ್ದ ಇರತ್ತೆ ಅಷ್ಟೇ, ಬೇಗ ಹೆಸ್ರು ಬರ್ಸಿ.

ಬೇರೆ ಸ್ಟೇಟಿಂದ ತರಬಹುದಾ?

ತರಬಹುದು, ಸುಮಾರು ಜನ ತರ್ತಾರೆ. ಸಾಮಾನ್ಯವಾಗಿ ಟ್ಯಾಕ್ಸ್ ನೀವು ರಿಜಿಸ್ಟರ್ ಮಾಡಿಸೋ ಸ್ಟೇಟಿನದ್ದೇ ಬೀಳತ್ತೆ, ಹಾಗಾಗಿ ಸೇಲ್ಸ್ ಟ್ಯಾಕ್ಸೇ ಇಲ್ಲದ ಒರೆಗಾನಲ್ಲಿ ತಗೊಂಡ್ರೆ ಟ್ಯಾಕ್ಸ್ ಉಳೀತು ಅಂತ ಖುಷಿ ಪಡಬೇಡಿ. ಕ್ಯಾಲಿಫೋರ್ನಿಯಾದವ್ರು ಒಂದು ನೋಡ್ಕೊಳ್ಳಿ, 7,500 ಮೈಲಿಗಿಂತ ಕಮ್ಮಿ ಓಡಿರೋ ಕಾರು ಹೊರಗಿಂದ ತಂದ್ರೆ ಅದು ಹೊಸದು ಅಂತಲೇ ಲೆಕ್ಕ, ಕ್ಯಾಲಿಫೋರ್ನಿಯಾ ಎಮಿಷನ್ ಸರ್ಟಿಫೈ ಆಗಿರ್ಲೇಬೇಕು. ಬಾನೆಟ್ ಕೆಳಗಿನ ಲೇಬಲ್ಲಿನ ಫೋಟೋ ತರಿಸ್ಕೊಂಡು ಆಮೇಲೆ ದುಡ್ಡು ಕೊಡಿ.

ಸಹಿ ಹಾಕ್ಬಿಟ್ಟೆ, ಮನೆಗೆ ಬಂದ್ಮೇಲೆ ತಪ್ಪು ಮಾಡ್ದೆ ಅನ್ನಿಸ್ತಿದೆ. ಮೂರು ದಿನದಲ್ಲಿ ವಾಪಸ್ ಕೊಡಬಹುದಂತಲ್ಲ?

ಇಲ್ಲ. ಆ ಮೂರು ದಿನದ ಫೆಡರಲ್ ನಿಯಮ ಡೀಲರ್ ಅಂಗಡೀಲಿ ಕೊಂಡ ಕಾರಿಗೆ ಅನ್ವಯಿಸಲ್ಲ. ಹೊಟ್ಟೆ ಹಸಿದಾಗ, ರಾತ್ರಿ ಒಂಬತ್ತು ಗಂಟೇಲಿ, ಮಕ್ಕಳು ನಿದ್ದೆಗೆ ಅಳ್ತಿರೋವಾಗ ಸಹಿ ಹಾಕ್ಬೇಡಿ. ನಾಳೆ ಬರ್ತೀನಿ ಅಂತ ಎದ್ದು ಬನ್ನಿ.

ಸರ್ಕಾರ ಏನೂ ಮಾಡಿಲ್ವಾ?

ಫೆಡರಲ್ ಟ್ರೇಡ್ ಕಮಿಷನ್ 2023ರ ಡಿಸೆಂಬರಲ್ಲಿ ಕಾರ್ಸ್ ರೂಲ್ ಅಂತ ತಂದಿತ್ತು. ಪೂರ್ತಿ ಬೆಲೆ ಮೊದ್ಲೇ ಹೇಳ್ಬೇಕು, ಉಪಯೋಗ ಇಲ್ದಿರೋ ಆಡ್-ಆನ್ ತುರುಕಬಾರ್ದು ಅಂತ. ಅದ್ರಲ್ಲೂ ಮಾರ್ಕಪ್ ಹಾಕಬಾರ್ದು ಅಂತ ಇರ್ಲಿಲ್ಲ. ಡೀಲರುಗಳ ಸಂಘ ಕೋರ್ಟಿಗೆ ಹೋಯ್ತು, 2025ರ ಜನವರಿಯಲ್ಲಿ ಫಿಫ್ತ್ ಸರ್ಕ್ಯೂಟ್ ಅನ್ನೋ ಫೆಡರಲ್ ಅಪೀಲು ಕೋರ್ಟ್ ಆ ರೂಲನ್ನೇ ತೆಗೆದು ಹಾಕ್ತು. ನಂಗೆ ತುಂಬಾ ಬೇಜಾರಾಯ್ತು, ಅಷ್ಟಾದ್ರೂ ಇದ್ದಿದ್ರೆ ನಮ್ಮಮ್ಮನ ಮುಂದೆ ನಡೆದ ಹಾಗೆ ಯಾರಿಗೂ ಆಗ್ತಿರ್ಲಿಲ್ಲ.

ಡೀಲರ್ ಕಡೆ ನ್ಯಾಯವೇ ಇಲ್ವಾ?

ಇದೆ, ಹೇಳ್ಲೇಬೇಕು. ಲಾಟಲ್ಲಿ ನಿಂತಿರೋ ಕಾರಿಗೆಲ್ಲಾ ಅವ್ರು ಸಾಲಕ್ಕೆ ಬಡ್ಡಿ ಕಟ್ತಿರ್ತಾರೆ. ಹೊಸ ಕಾರಲ್ಲಿ ಉಳಿಯೋದು ಕಮ್ಮಿ. ಎಂಎಸ್ಆರ್‌ಪಿಗೆ ಕೊಟ್ರೆ ಗಿರಾಕಿ ಮಾರನೇ ದಿನ ಆನ್‌ಲೈನ್ ಹರಾಜಲ್ಲಿ ಹಾಕಿ ಆ ಲಾಭ ತಾನು ತಗೋತಾನೆ, ಆ ಲಾಭ ನಾವೇ ಯಾಕೆ ತಗೋಬಾರ್ದು ಅನ್ನೋ ವಾದದಲ್ಲಿ ಅರ್ಥ ಇದೆ. ನಾನು ಮುಖದ ಮೇಲೆ ಮಾರ್ಕಪ್ ಹೇಳೋ ಡೀಲರನ್ನ ಬೈಯಲ್ಲ, ಬೇಡ ಅಂದ್ರೆ ಮುಂದೆ ಹೋಗಬಹುದು. ಒಂದು ಮಾತು ಕೊಟ್ಟು ಐದು ತಿಂಗಳು ಕಾಯಿಸಿ ಇನ್ನೊಂದು ಪೇಪರ್ ಮುಂದಿಡೋದು ಮಾತ್ರ ಮೋಸ.

ಇಂಡಿಯಾದಲ್ಲಿ ಹೀಗೆ ಇದ್ಯಾ?

ಅಪ್ಪ ತಾತಂದಿರನ್ನ ಕೇಳಿ, ಬಜಾಜ್ ಚೇತಕ್ ಬುಕ್ ಮಾಡಿ ವರ್ಷಗಟ್ಲೆ ಕಾಯ್ತಿದ್ರು, ಅರ್ಜೆಂಟ್ ಇರೋರು ಬ್ಲಾಕಲ್ಲಿ ಪ್ರೀಮಿಯಂ ಕೊಟ್ಟು ತಗೋತಿದ್ರು. ಈಗ ಅಲ್ಲಿ ಎಕ್ಸ್ ಶೋರೂಂ ಬೆಲೆ ಕಂಪನಿ ಹೇಳಿದ್ದೇ, ಒತ್ತಡ ಬರೋದು ಆಕ್ಸೆಸರೀಸ್, ಇನ್ಶೂರೆನ್ಸ್ ಮೂಲಕ. 2025ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 100 ಕಾರು ಮಾತ್ರ ತಂದ್ರು, 49.99 ಲಕ್ಷ, ಬೆಲೆ ಹೇಳೋ ಮುಂಚೇನೇ ಎಲ್ಲಾ ಬುಕ್ ಆಗೋಯ್ತು. ಹಪಾಹಪಿ ಎಲ್ಲಾ ಕಡೆ ಒಂದೇ.

ಊರಿಗೆ ವಾಪಸ್ ಹೋಗೋವಾಗ ಈ ಕಾರು ಬೆಂಗ್ಳೂರಿಗೆ ತಗೊಂಡು ಹೋಗ್ತೀನಿ, ಆಗ ಮಾರ್ಕಪ್ ದುಡ್ಡು ವಾಪಸ್ ಹುಟ್ಟತ್ತೆ ಅಲ್ವಾ?

ಆಗಲ್ಲ. ಅಮೆರಿಕದ ಕಾರಿಗೆ ಸ್ಟೀರಿಂಗ್ ಎಡಗಡೆ, ಇಂಡಿಯಾದ ಆಮದು ನಿಯಮಕ್ಕೆ ಬಲಗಡೆ ಇರ್ಬೇಕು. ಆ ಲೆಕ್ಕ ಬಿಟ್ಬಿಡಿ.

ಎಲ್ಲಾ ಗೊತ್ತಿದ್ದೂ ನಂಗೆ ಈಗ್ಲೇ ಬೇಕು. ಮಾರ್ಕಪ್ ಕೊಟ್ಟೇ ತಗೋಬೇಕು ಅಂದ್ರೆ?

ನಿಮ್ಮ ದುಡ್ಡು, ನಿಮ್ಮ ಕನಸು, ನಾನ್ಯಾರು ಬೇಡ ಅನ್ನಕ್ಕೆ. ನನ್ನ ಸ್ನೇಹಿತರೊಬ್ರು ಐವತ್ತೆಂಟನೇ ವಯಸ್ಸಲ್ಲಿ ಕ್ಯಾನ್ಸರ್ ಟ್ರೀಟ್‌ಮೆಂಟ್ ಮುಗಿಸ್ಕೊಂಡು ಬಂದು ಕಾರ್ವೆಟ್ಟಿಗೆ ಹದಿನೈದು ಸಾವ್ರ ಮೇಲೆ ಕೊಟ್ಟು ತಗೊಂಡ್ರು, ಎರಡು ವರ್ಷ ಕಾಯಿ ಅಂತ ಅವ್ರಿಗೆ ಹೇಳೋ ಧೈರ್ಯ ನಂಗೆ ಬರ್ಲಿಲ್ಲ, ಹೇಳೋದೂ ತಪ್ಪು. ಮಾರ್ಕಪ್ಪಿನ ದುಡ್ಡನ್ನ ಕೈಯಿಂದ ಡೌನ್ ಪೇಮೆಂಟ್ ಆಗಿ ಕೊಡಿ, ಲೋನಲ್ಲಿ ಸೇರಿಸ್ಬೇಡಿ, ಲೋನ್ ಎಂಎಸ್ಆರ್‌ಪಿ ಒಳಗೇ ಇರ್ಲಿ. ಕನಿಷ್ಠ ಐದಾರು ವರ್ಷ ಇಟ್ಕೊಳ್ಳೋ ಹಾಗಿದ್ರೆ ಮಾತ್ರ ತಗೊಳ್ಳಿ. ಆ ದುಡ್ಡು ವಾಪಸ್ ಬರತ್ತೆ ಅಂತ ಮನೆಯವ್ರಿಗೆ ಹೇಳ್ಬೇಡಿ. ತಗೊಂಡ ಮೇಲೆ ಗ್ಯಾರೇಜಲ್ಲಿ ಮುಚ್ಚಿಡ್ದೆ ಓಡ್ಸಿ, ಭಾನುವಾರ ಬೆಳಗ್ಗೆ ಆರು ಗಂಟೆಗೆ ಹೈವೇ 1 ಖಾಲಿ ಇರತ್ತೆ.